135 ವ್ಯಾಟಿಗಿಂತ 95 ವ್ಯಾಟ್ ಹೆಚ್ಚಾಗುವುದು ಹೇಗೆ? ಹೋಮ್ ಥಿಯೇಟರ್ ರಿಸೀವರ್‌ನ ಪವರ್ ಲೆಕ್ಕ

ಪ್ರಶ್ನೆ: ಉಡುಪಿಯ ಸಂತೆಕಟ್ಟೆಯಲ್ಲಿ ಹೊಸ ಮನೆ ಕಟ್ಟಿಸಿದ್ದೇವೆ. ಹಾಲ್ 14 ಅಡಿ ಅಗಲ, 20 ಅಡಿ ಉದ್ದ. ಊಟದ ಜಾಗಕ್ಕೂ ಹಾಲ್‌ಗೂ ನಡುವೆ ಗೋಡೆಯಿಲ್ಲ, ಮಹಡಿ ಮೆಟ್ಟಿಲೂ ಅಲ್ಲಿಂದಲೇ ಏರುತ್ತದೆ. ಟಿವಿಯಿಂದ ಸೋಫಾಕ್ಕೆ ಹತ್ತು ಅಡಿ. ಮಂಗಳೂರಿನ ಅಂಗಡಿಯೊಂದರಲ್ಲಿ ಎರಡು ರಿಸೀವರ್ (ಸ್ಪೀಕರ್‌ಗಳನ್ನು ನಡೆಸುವ ಯಂತ್ರ) ನೋಡಿದೆವು. ಯಮಾಹಾ ಆರ್‌ಎಕ್ಸ್-ವಿ385 ತೋರಿಸಿ 135 ವ್ಯಾಟ್ ಎಂದರು. ಬೇರೆ ಕಂಪನಿಯ ಏಳು ಚಾನೆಲ್‌ನದ್ದಕ್ಕೆ, ಅಂದರೆ ಏಳು ಸ್ಪೀಕರ್ ನಡೆಸುವಂಥದ್ದಕ್ಕೆ, ಬೆಲೆ ಜಾಸ್ತಿ, ಆದರೆ ಅದಕ್ಕೆ ಬರೆದದ್ದು 95 ವ್ಯಾಟ್. "ಕಡಿಮೆ ದುಡ್ಡಿಗೆ ಜಾಸ್ತಿ ಪವರ್ ಉಂಟಲ್ಲ, ಮತ್ತೆ ಎಂತ ಯೋಚನೆ ಮಾರಾಯ್ರೆ" ಅಂತ ಅಂಗಡಿಯವರು. ನಾವು ಕೊಂಡಿರುವ ಸ್ಪೀಕರ್‌ಗಳು 6 ಓಮ್, 87 ಡೆಸಿಬಲ್. ದುಬೈಯಲ್ಲಿರುವ ತಮ್ಮ ಅಲ್ಲಿಂದಲೇ ತರುತ್ತೇನೆ ಎನ್ನುತ್ತಿದ್ದಾನೆ. ಯಾವುದನ್ನು ತೆಗೆದುಕೊಳ್ಳುವುದು?

ಉತ್ತರ: ಆ ಎರಡರಲ್ಲಿ ಹೆಚ್ಚು ಶಕ್ತಿಯಿರುವುದು 95 ವ್ಯಾಟ್ ಎಂದು ಬರೆದದ್ದರಲ್ಲಿ. ಆದರೆ ಆ ಹೆಚ್ಚುವರಿ ಶಕ್ತಿಯೊಂದನ್ನೇ ನೋಡಿ ನೀವು ಜಾಸ್ತಿ ದುಡ್ಡು ಕೊಡಬೇಕಾಗಿಲ್ಲ. ಈ ಎರಡೂ ಮಾತು ಹೇಗೆ ಸರಿ ಎಂದು ಬಿಡಿಸಿ ಹೇಳುತ್ತೇನೆ. ಒಮ್ಮೆ ಲೆಕ್ಕ ತಿಳಿದರೆ ಮುಂದೆ ಯಾವ ಅಂಗಡಿಗೆ ಹೋದರೂ ನೀವೇ ನೋಡಿ ನಿರ್ಧರಿಸಬಹುದು.

ಮೊದಲು ವಿ385ರ ತಾಂತ್ರಿಕ ವಿವರಗಳ ಪುಟ ತೆರೆಯಿರಿ. ಕಂಪನಿ ಅಲ್ಲಿ ಏನನ್ನೂ ಮುಚ್ಚಿಟ್ಟಿಲ್ಲ. ಒಂದೇ ಯಂತ್ರಕ್ಕೆ ಮೂರು ಅಂಕಿ ಕೊಟ್ಟಿದೆ. ಎರಡು ಚಾನೆಲ್ ಒಟ್ಟಿಗೆ ನಡೆಯುವಾಗ, 20ರಿಂದ 20,000 ಹರ್ಟ್ಸ್‌ವರೆಗೆ, 6 ಓಮ್ ಸ್ಪೀಕರಿಗೆ (ಓಮ್ ಎಂದರೆ ಸ್ಪೀಕರಿನ ವಿದ್ಯುತ್ ತಡೆಯ ಅಳತೆ), ಶೇ 0.09 ಡಿಸ್ಟಾರ್ಷನ್‌ನಲ್ಲಿ (ಸದ್ದಿನ ವಿಕೃತಿಯಲ್ಲಿ) 70 ವ್ಯಾಟ್. ಒಂದೇ ಚಾನೆಲ್, 1,000 ಹರ್ಟ್ಸ್‌ನ ಒಂದೇ ಸ್ವರ, ಅದೇ 6 ಓಮ್, ಶೇ 0.9 ಡಿಸ್ಟಾರ್ಷನ್‌ನಲ್ಲಿ 100 ವ್ಯಾಟ್. ಮೂರನೆಯದರಲ್ಲಿ ಮಿಕ್ಕದ್ದೆಲ್ಲ ಎರಡನೆಯದರಂತೆಯೇ, ಡಿಸ್ಟಾರ್ಷನ್ ಮಾತ್ರ ಶೇ 10. ಆಗ 135 ವ್ಯಾಟ್. ಅಂಗಡಿಯವರು ನಿಮಗೆ ಹೇಳಿದ್ದು ಈ ಮೂರನೆಯದನ್ನು.

ಎರಡನೆಯ ಮತ್ತು ಮೂರನೆಯ ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಚಾನೆಲ್ ಅಷ್ಟೇ, ಸ್ವರ ಅದೇ, ಓಮ್ ಅದೇ. ನಡುವಿನ 35 ವ್ಯಾಟ್ ಬಂದದ್ದು ಡಿಸ್ಟಾರ್ಷನ್ ಹೆಚ್ಚಿಸಿ ಅಳೆದದ್ದರಿಂದ ಮಾತ್ರ. ಶೇ 10 ಎಂದರೆ ರಿಸೀವರಿನೊಳಗಿನ ಆಂಪ್ಲಿಫೈಯರ್ (ಸದ್ದಿನ ಸಂಕೇತವನ್ನು ಬಲಪಡಿಸುವ ಭಾಗ) ತನ್ನ ವೋಲ್ಟೇಜ್‌ನ ಮಿತಿ ಮುಟ್ಟಿ, ಅದಕ್ಕಿಂತ ಮೇಲೆ ಹೋಗಲಾಗದೆ ನಿಂತಿರುವ ಸ್ಥಿತಿ. ಆಸಿಲೋಸ್ಕೋಪ್‌ನಲ್ಲಿ ನೋಡಿದರೆ ಗುಂಡಗೆ ಇರಬೇಕಾದ ಅಲೆಯ ತುದಿ ಕತ್ತರಿಸಿದ ಹಾಗೆ ಚಪ್ಪಟೆ. ಕಿವಿಗೆ ಅದು ಒರಟು, ಕರ್ಕಶ. ಹೆಚ್ಚು ಹೊತ್ತು ಹಾಗೆ ನಡೆಸಿದರೆ ಮೊದಲು ಹೋಗುವುದು ಸ್ಪೀಕರಿನ ಟ್ವೀಟರ್, ಅಂದರೆ ಮೇಲಿನ ಸ್ವರ ನುಡಿಸುವ ಚಿಕ್ಕ ಭಾಗ. ಚಪ್ಪಟೆಯಾದ ಅಲೆಯಲ್ಲಿ ಮೂಲದಲ್ಲಿಲ್ಲದ ಮೇಲಿನ ಸ್ವರಗಳು ಹುಟ್ಟಿಕೊಂಡು ಅದರ ತೆಳ್ಳಗಿನ ಕಾಯಿಲನ್ನು ಕಾಯಿಸುತ್ತವೆ. ಶೇ 10 ಡಿಸ್ಟಾರ್ಷನ್, 1,000 ಹರ್ಟ್ಸ್ ಎನ್ನುವುದು ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮಗಳ ಸಂಘವಾದ ಜೀಟಾದ ಪದ್ಧತಿಯ ಅಳತೆ. ಅಳತೆಯಾಗಿ ಅದು ತಪ್ಪಲ್ಲ. ಅದನ್ನು ಬೇರೆ ಷರತ್ತಿನಲ್ಲಿ ಅಳೆದ ಅಂಕಿಯ ಪಕ್ಕದಲ್ಲಿಟ್ಟು ಮಾರುವುದು ತಪ್ಪು.

ಆದ್ದರಿಂದ ವ್ಯಾಟ್ ಹೇಳಿದ ಕೂಡಲೇ ನಾಲ್ಕು ಪ್ರಶ್ನೆ ಕೇಳಿ: ಎಷ್ಟು ಓಮ್‌ಗೆ, ಯಾವ ಹರ್ಟ್ಸ್‌ನಿಂದ ಯಾವ ಹರ್ಟ್ಸ್‌ವರೆಗೆ, ಎಷ್ಟು ಡಿಸ್ಟಾರ್ಷನ್‌ನಲ್ಲಿ, ಎಷ್ಟು ಚಾನೆಲ್ ನಡೆಯುವಾಗ. ಅಂಗಡಿಯಲ್ಲಿ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ, ಮಾಡೆಲ್ ನಂಬರ್ ಬರೆದುಕೊಂಡು ಬಂದು ಕಂಪನಿಯ ಪುಟದಲ್ಲೋ ಮ್ಯಾನುಯಲ್‌ನ ಕೊನೆಯ ಹಾಳೆಗಳಲ್ಲೋ ನೋಡಿ. ಈ ನಾಲ್ಕೂ ಬರೆದಿಲ್ಲದ ಅಂಕಿಯನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಳೆಯ ಟೂ-ಇನ್-ಒನ್‌ಗಳ ಮೇಲೆ ಸಾವಿರಗಟ್ಟಲೆ ಬರೆಯುತ್ತಿದ್ದ ಪಿಎಂಪಿಒ ವ್ಯಾಟ್‌ಗೆ ಯಾವ ಸ್ಥಿರವಾದ ಅಳತೆಯ ನಿಯಮವೂ ಇರಲಿಲ್ಲ. ಈಗ ಸೌಂಡ್‌ಬಾರ್‌ಗಳ ಮೇಲೆ ಬರುವ 'ಒಟ್ಟು 600 ವ್ಯಾಟ್' ಎನ್ನುವಂಥವು ಎಲ್ಲ ಚಾನೆಲ್‌ಗಳನ್ನೂ ಸಬ್‌ವೂಫರನ್ನೂ ಕೂಡಿಸಿದ ಮೊತ್ತ, ಸಾಮಾನ್ಯವಾಗಿ ಶೇ 10 ಡಿಸ್ಟಾರ್ಷನ್‌ನಲ್ಲಿ.

ಈ ಗೊಂದಲ ಇಂದಿನದಲ್ಲ. ಅಮೆರಿಕದಲ್ಲಿ ಸ್ಟೀರಿಯೊ ಕಂಪನಿಗಳು ಮನಬಂದ ಅಂಕಿ ಬರೆಯತೊಡಗಿದಾಗ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 1974ರಲ್ಲಿ ಆಂಪ್ಲಿಫೈಯರ್‌ಗಳಿಗೆಂದೇ ಒಂದು ನಿಯಮ ಮಾಡಿತು. ವ್ಯಾಟ್ ಬರೆದರೆ ಓಮ್, ಹರ್ಟ್ಸ್, ಡಿಸ್ಟಾರ್ಷನ್ ಕೂಡ ಬರೆಯಬೇಕು ಎಂದಿತು. 2024ರಲ್ಲಿ ಅದನ್ನು ತಿದ್ದಿ 8 ಓಮ್, 20ರಿಂದ 20,000 ಹರ್ಟ್ಸ್ ಎಂಬುದನ್ನು ಎಲ್ಲರಿಗೂ ಸಮಾನವಾದ ಷರತ್ತಾಗಿಸಿತು. ನಮಗೆ ಇದರಿಂದ ಒಂದು ಉಪಯೋಗವಿದೆ. ಯಾವುದೇ ದೊಡ್ಡ ಕಂಪನಿಯ ರಿಸೀವರ್ ಅಮೆರಿಕದಲ್ಲೂ ಮಾರಾಟವಾಗುತ್ತಿದ್ದರೆ ಅದರ ವಿವರಗಳಲ್ಲಿ ಎಲ್ಲೋ ಒಂದು ಕಡೆ ಇಂಥ ಕಟ್ಟುನಿಟ್ಟಿನ ಅಂಕಿ ಸಾಮಾನ್ಯವಾಗಿ ಸಿಗುತ್ತದೆ. ಹೋಲಿಸುವುದಾದರೆ ಅದನ್ನೇ ಹೋಲಿಸಿ.

ಈಗ ನಿಮ್ಮ ಎರಡು ರಿಸೀವರ್‌ಗಳಿಗೆ ಬರೋಣ. ನೀವು ಕಳುಹಿಸಿದ ಚಿತ್ರದಲ್ಲಿ ಎರಡನೆಯದರ 95 ವ್ಯಾಟ್ 8 ಓಮ್‌ಗೆ, 20ರಿಂದ 20,000 ಹರ್ಟ್ಸ್, ಶೇ 0.08 ಡಿಸ್ಟಾರ್ಷನ್, ಎರಡು ಚಾನೆಲ್ ಎಂದಿದೆ. ಇದಕ್ಕೆ ಸರಿದೂಗಿಸಬೇಕಾದದ್ದು ವಿ385ರ 70 ವ್ಯಾಟ್ ಅಂಕಿಯನ್ನು. ಅದೂ 6 ಓಮ್‌ಗೆ ಕೊಟ್ಟಿರುವುದರಿಂದ 8 ಓಮ್‌ಗೆ ಬದಲಿಸಿಕೊಳ್ಳಬೇಕು. 70ನ್ನು 6ರಿಂದ ಗುಣಿಸಿ 8ರಿಂದ ಭಾಗಿಸಿ: 52 ವ್ಯಾಟ್ ಚಿಲ್ಲರೆ. ವೋಲ್ಟೇಜ್‌ನ ವರ್ಗವನ್ನು ಓಮ್‌ನಿಂದ ಭಾಗಿಸಿದರೆ ವ್ಯಾಟ್ ಎಂಬ ಶಾಲೆಯ ಪಾಠವೇ ಇದು. ನಿಜವಾದ ಯಂತ್ರ ಇದಕ್ಕಿಂತ ಸ್ವಲ್ಪ ಹೆಚ್ಚು ಕೊಡಬಹುದು, 8 ಓಮ್‌ನಲ್ಲಿ ಪವರ್ ಸಪ್ಲೈ ಮೇಲೆ ಹೊರೆ ಕಡಿಮೆ. ಅಂತೂ ಹೋಲಿಕೆ 135ಕ್ಕೂ 95ಕ್ಕೂ ಅಲ್ಲ, 52ಕ್ಕೂ 95ಕ್ಕೂ.

ದುಪ್ಪಟ್ಟಿನ ಹತ್ತಿರ ಆಯಿತಲ್ಲ, ಹಾಗಾದರೆ ದುಪ್ಪಟ್ಟು ಜೋರಾಗಿ ಕೇಳುತ್ತದೆಯೇ? ಇಲ್ಲ. ವ್ಯಾಟ್ ದುಪ್ಪಟ್ಟಾದರೆ ಸದ್ದು ಏರುವುದು 3 ಡೆಸಿಬಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು, ಅಂದರೆ ವ್ಯಾಟ್ ಹತ್ತು ಪಟ್ಟಾಗಬೇಕು. 52ರಿಂದ 95ಕ್ಕೆ ಏರಿದಾಗ ಸಿಗುವುದು ಎರಡೂವರೆ ಡೆಸಿಬಲ್. ಗೊತ್ತಾಗುತ್ತದೆ, ಆದರೆ ವಾಲ್ಯೂಮ್ ನಾಬನ್ನು ಒಂದಿಷ್ಟೇ ತಿರುಗಿಸಿದಷ್ಟು. 80 ವ್ಯಾಟಿನದ್ದೋ 100 ವ್ಯಾಟಿನದ್ದೋ ಎಂದು ಕೆಲವರು ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅಲ್ಲಿರುವ ವ್ಯತ್ಯಾಸ ಒಂದೇ ಒಂದು ಡೆಸಿಬಲ್.

ಹಾಗಾದರೆ ನಿಮಗೆ ಬೇಕಾದದ್ದು ಎಷ್ಟು? ಇದನ್ನು ಹೇಳುವುದು ನಿಮ್ಮ ಸ್ಪೀಕರ್, ರಿಸೀವರ್ ಅಲ್ಲ. 87 ಡೆಸಿಬಲ್ ಎಂದರೆ ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ ಬರುವ ಸದ್ದು. ನಿಮ್ಮ ಸೋಫಾ ಹತ್ತು ಅಡಿ, ಅಂದರೆ ಮೂರು ಮೀಟರ್ ದೂರ. ಬಯಲಿನಲ್ಲಾದರೆ ಅಷ್ಟು ದೂರಕ್ಕೆ ಒಂಬತ್ತೂವರೆ ಡೆಸಿಬಲ್ ಇಳಿಯುತ್ತದೆ. ಮನೆಯೊಳಗೆ ಗೋಡೆ, ಟೈಲ್ಸ್ ನೆಲ ಹಿಂದಕ್ಕೆ ಕೊಡುವುದನ್ನು ಮೂರು ಡೆಸಿಬಲ್ ಎಂದು ಹಿಡಿಯೋಣ. ಉಳಿಯುವುದು ಒಂದು ವ್ಯಾಟಿಗೆ ಸುಮಾರು 80 ಡೆಸಿಬಲ್. ಸಿನಿಮಾ ಥಿಯೇಟರಿನ ಮಟ್ಟ ಎಂದು ನಿಗದಿಯಾಗಿರುವುದರಲ್ಲಿ ಮುಖ್ಯ ಚಾನೆಲ್ ಒಂದರ ಅತಿ ಜೋರಾದ ಕ್ಷಣ 105 ಡೆಸಿಬಲ್. ಮನೆಯಲ್ಲಿ ಅಷ್ಟು ಜೋರಾಗಿ ಯಾರೂ ಕೇಳುವುದಿಲ್ಲ, ಕೇಳಲೂ ಬಾರದು. ಅದಕ್ಕಿಂತ 15 ಡೆಸಿಬಲ್ ಕೆಳಗೆ ಇಟ್ಟರೂ ಪಕ್ಕದ ಮನೆಯವರಿಗೆ ಕೇಳುವಷ್ಟು ಚೆನ್ನಾಗಿಯೇ ಇರುತ್ತದೆ. ಆಗ ನಿಮ್ಮ ಸ್ಪೀಕರಿಗೆ ಬೇಕಾಗುವುದು 9 ವ್ಯಾಟ್. 10 ಡೆಸಿಬಲ್ ಕೆಳಗೆ ಸಾಕೆಂದರೆ 28 ವ್ಯಾಟ್. ಪೂರ್ತಿ ಥಿಯೇಟರ್ ಮಟ್ಟವೇ ಬೇಕೆಂದು ಹಟ ಹಿಡಿದರೆ 280 ವ್ಯಾಟ್.

ಮೊದಲ ಎರಡು ಮಟ್ಟಗಳನ್ನು ಎರಡೂ ರಿಸೀವರ್ ಸುಲಭವಾಗಿ ಮುಟ್ಟುತ್ತವೆ. ಮೂರನೆಯದನ್ನು ಎರಡೂ ಮುಟ್ಟುವುದಿಲ್ಲ. ನಿಮ್ಮ ನಿರ್ಧಾರವನ್ನು ವ್ಯಾಟ್ ಮೇಲೆ ನಿಲ್ಲಿಸಬೇಡಿ ಎಂದು ನಾನು ಹೇಳುವುದು ಇದಕ್ಕೇ. ಸ್ಪೀಕರ್ 87ರ ಬದಲು 90 ಡೆಸಿಬಲ್‌ನದ್ದಾಗಿದ್ದರೆ ಈ ಅಂಕಿಗಳೆಲ್ಲ ಅರ್ಧಕ್ಕೆ ಇಳಿಯುತ್ತಿದ್ದವು. ಇನ್ನೂ ಸ್ಪೀಕರ್ ಕೊಳ್ಳದವರು ಇದನ್ನು ಓದುತ್ತಿದ್ದರೆ, ರಿಸೀವರಿಗೆ ಹಾಕುವ ಹೆಚ್ಚಿನ ದುಡ್ಡನ್ನು ಅಲ್ಲಿ ಹಾಕಲಿ.

ಇಷ್ಟು ಕಡಿಮೆ ವ್ಯಾಟ್ ಎಂದರೆ ನಂಬುವುದು ಕಷ್ಟ ಎಂದು ನನಗೆ ಗೊತ್ತು. ಕದ್ರಿಯ ಒಂದು ಮನೆಯಲ್ಲಿ ಇದನ್ನು ಮೀಟರ್ ಇಟ್ಟೇ ತೋರಿಸಬೇಕಾಯಿತು. ಮುಂಭಾಗದ ಸ್ಪೀಕರಿನ ಎರಡು ಟರ್ಮಿನಲ್‌ಗೆ ಮಲ್ಟಿಮೀಟರ್‌ನ ಕಡ್ಡಿಗಳನ್ನು ಎಸಿ ವೋಲ್ಟ್‌ನಲ್ಲಿ ಹಿಡಿದು ಸಿನಿಮಾ ಹಾಕಿದೆವು. ವಾಲ್ಯೂಮ್ ಏರಿಸುತ್ತ ಹೋಗಿ ಮನೆಯವರು "ಸಾಕು, ಇನ್ನು ಬೇಡ" ಎಂದಾಗ ಮೀಟರ್ 2 ವೋಲ್ಟ್ ಆಸುಪಾಸಿನಲ್ಲಿ ಆಡುತ್ತಿತ್ತು. 6 ಓಮ್ ಸ್ಪೀಕರಿಗೆ ಅದು ಒಂದು ವ್ಯಾಟ್ ಕೂಡ ಅಲ್ಲ. ಸಾದಾ ಮೀಟರ್ ತೋರಿಸುವುದು ಸರಾಸರಿಯನ್ನು. ನಡುವೆ ಬರುವ ಗುಂಡಿನ ಸದ್ದು, ಬಾಗಿಲು ಬಡಿದ ಸದ್ದು ಅದರ ಕಣ್ಣಿಗೆ ಬೀಳುವುದಿಲ್ಲ. ನೀವೂ ಪ್ರಯತ್ನಿಸುವುದಾದರೆ ಕಡ್ಡಿಗಳು ಒಂದಕ್ಕೊಂದು ತಾಗದಂತೆ ಜಾಗ್ರತೆ, ತಾಗಿದರೆ ರಿಸೀವರಿನ ಔಟ್‌ಪುಟ್ ಶಾರ್ಟ್ ಆಗುತ್ತದೆ.

ಆ ಕ್ಷಣಗಳ ಸದ್ದಿಗಾಗಿಯೇ ಉಳಿದ ವ್ಯಾಟ್‌ಗಳು ಇರುವುದು. ಯಕ್ಷಗಾನದ ಒಳ್ಳೆಯ ರೆಕಾರ್ಡಿಂಗ್ ಹಾಕಿ ನೋಡಿ. ಭಾಗವತರ ಪದ್ಯ ಒಂದು ವ್ಯಾಟಿನೊಳಗೆ ನಿರಾಯಾಸವಾಗಿ ಸಾಗುತ್ತದೆ. ಚೆಂಡೆಯ ಒಂದು ಬಿರುಸಿನ ಪೆಟ್ಟು ಸರಾಸರಿಗಿಂತ 15 ಡೆಸಿಬಲ್ ಮೇಲೆ ಹಾರಿದರೆ ಆ ಗಳಿಗೆಗೆ ಮೂವತ್ತು ಪಟ್ಟು ವ್ಯಾಟ್ ಬೇಕು. ಆಂಪ್ಲಿಫೈಯರ್‌ನಲ್ಲಿ ಅಷ್ಟು ಇದ್ದರೆ ಪೆಟ್ಟು ಪೆಟ್ಟಾಗಿಯೇ ಕೇಳುತ್ತದೆ. ಇಲ್ಲದಿದ್ದರೆ ತುದಿ ಮೊಂಡಾಗಿ ಚೆಂಡೆ ಡಬ್ಬದಂತೆ ಆಗುತ್ತದೆ. ಆದ್ದರಿಂದ ಸರಾಸರಿ ಒಂದು ವ್ಯಾಟ್ ಸಾಕು ಎಂದು ಹತ್ತು ವ್ಯಾಟಿನ ಯಂತ್ರ ತರಬಾರದು. ಕಟ್ಟುನಿಟ್ಟಾಗಿ ಅಳೆದ 50 ವ್ಯಾಟ್ ನಿಮ್ಮ ದೂರಕ್ಕೆ ಸಾಕು.

ಇನ್ನು ವಿ385ರ ಐದು ಚಾನೆಲ್‌ಗೂ 135ರಂತೆ 675 ವ್ಯಾಟ್ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಎಲ್ಲ ಚಾನೆಲ್‌ಗಳಿಗೂ ಕರೆಂಟ್ ಕೊಡುವುದು ಒಂದೇ ಟ್ರಾನ್ಸ್‌ಫಾರ್ಮರ್. ಐದೂ ಒಟ್ಟಿಗೆ ಎಳೆದರೆ ಪ್ರತಿಯೊಂದಕ್ಕೂ ಸಿಗುವುದು ಇಳಿಯುತ್ತದೆ. ಈ ಬೆಲೆಯ ಹಲವು ರಿಸೀವರ್‌ಗಳಲ್ಲಿ ಅದು ಅರ್ಧದ ಹತ್ತಿರಕ್ಕೆ ಬರುವುದೂ ಉಂಟು. ಸಿನಿಮಾದಲ್ಲಿ ಎಲ್ಲ ಚಾನೆಲ್ ಒಮ್ಮೆಲೇ ಪೂರ್ತಿ ಜೋರಾಗಿ ಬರುವುದು ಅಪರೂಪ, ಹಾಗಾಗಿ ಇದು ಅಷ್ಟೇನೂ ಕಾಡುವುದಿಲ್ಲ. ಆದರೆ ಎರಡು ಚಾನೆಲ್‌ನ ಅಂಕಿಯನ್ನು ಐದರಿಂದಲೋ ಏಳರಿಂದಲೋ ಗುಣಿಸುವುದಕ್ಕೆ ಅರ್ಥವಿಲ್ಲ. ರಿಸೀವರಿನ ಹಿಂಬದಿಯ ಪಟ್ಟಿಯಲ್ಲಿ ಬರೆದ ವಿದ್ಯುತ್ ಬಳಕೆಯ ವ್ಯಾಟ್ ನೋಡಿ "ಇಷ್ಟೇ ಒಳಗೆ ಹೋದರೆ ಅಷ್ಟು ಹೊರಗೆ ಬರುವುದು ಹೇಗೆ" ಎಂದು ಕೆಲವರು ವಾದಿಸುತ್ತಾರೆ. ಆ ಅಂಕಿಯನ್ನು ಸಾಮಾನ್ಯವಾಗಿ ಪೂರ್ತಿ ಔಟ್‌ಪುಟ್‌ನ ಎಂಟನೇ ಒಂದು ಭಾಗದಲ್ಲಿ ನಡೆಸಿ ಅಳೆಯುತ್ತಾರೆ, ಅದನ್ನು ಮೇಲ್ಮಿತಿ ಎಂದು ಹಿಡಿಯುವುದು ಸರಿಯಲ್ಲ. ನನ್ನ ಅನುಭವದಲ್ಲಿ ತೂಕವೇ ಮೇಲು. ಒಂದೇ ಬಗೆಯ ಎರಡು ರಿಸೀವರ್‌ಗಳಲ್ಲಿ ಎತ್ತಲು ಭಾರವಾದದ್ದರ ಟ್ರಾನ್ಸ್‌ಫಾರ್ಮರ್ ದೊಡ್ಡದು, ಹೀಟ್‌ಸಿಂಕ್ ದಪ್ಪ. ಕ್ಲಾಸ್-ಡಿ ಆಂಪ್ಲಿಫೈಯರ್, ಸ್ವಿಚಿಂಗ್ ಸಪ್ಲೈ ಇರುವ ಹಗುರ ಯಂತ್ರಗಳಿಗೆ ಮಾತ್ರ ಈ ಮಾತು ಅನ್ವಯಿಸದು.

ನಮ್ಮ ಕರಾವಳಿಯವರು ವ್ಯಾಟ್ ಲೆಕ್ಕ ಮಾಡುವಾಗ ಮರೆಯಬಾರದ್ದು ಮನೆಗೆ ಬರುವ ವೋಲ್ಟೇಜ್. ಇಂಥ ರಿಸೀವರ್‌ಗಳ ಆಂಪ್ಲಿಫೈಯರ್ ಭಾಗಕ್ಕೆ ಸಾಮಾನ್ಯವಾಗಿ ರೆಗ್ಯುಲೇಟರ್ ಇರುವುದಿಲ್ಲ. ಗೋಡೆಯ ಪ್ಲಗ್‌ನಲ್ಲಿ ಇಳಿದರೆ ಒಳಗೂ ಅಷ್ಟೇ ಪಾಲು ಇಳಿಯುತ್ತದೆ. ಅಂಕಿಗಳೆಲ್ಲ 230 ವೋಲ್ಟ್‌ಗೆ ಕೊಟ್ಟವು. ಸಂಜೆ ಏಳರ ಹೊತ್ತಿಗೆ ನಿಮ್ಮಲ್ಲಿ 190ಕ್ಕೆ ಇಳಿಯುತ್ತದೆ ಎಂದಾದರೆ ವ್ಯಾಟ್ ಇಳಿಯುವುದು ವರ್ಗದ ಲೆಕ್ಕದಲ್ಲಿ, ಮೂರನೇ ಒಂದು ಭಾಗದಷ್ಟು ಹೋಯಿತು. 70 ಇದ್ದದ್ದು 48 ಆಗುತ್ತದೆ. ಹೊಸ ಬಡಾವಣೆಗಳಲ್ಲಿ, ಟ್ರಾನ್ಸ್‌ಫಾರ್ಮರ್‌ನಿಂದ ದೂರದ ತೋಟದ ಮನೆಗಳಲ್ಲಿ ಇದು ಮಾಮೂಲು. ರಿಸೀವರ್ ಕೊಳ್ಳುವ ಮೊದಲು ಒಂದು ವಾರ ಸಂಜೆ ಹೊತ್ತು ಮೀಟರ್ ಹಿಡಿದು ನೋಡಿ. 210ರ ಕೆಳಗೆ ದಿನವೂ ಇಳಿಯುತ್ತಿದ್ದರೆ ಮೊದಲು ಮೆಸ್ಕಾಂಗೆ ದೂರು ಕೊಡಿ. ಸರಿಹೋಗದಿದ್ದರೆ ಸಾಕಷ್ಟು ಸಾಮರ್ಥ್ಯದ ಸ್ಟೆಬಿಲೈಸರ್ ಹಾಕಿ. ಮನೆಯ ಇನ್ವರ್ಟರ್ ಹಳೆಯ ಸ್ಕ್ವೇರ್ ವೇವ್ ಬಗೆಯದಾದರೆ ರಿಸೀವರನ್ನು ಅದಕ್ಕೆ ಸೇರಿಸಬೇಡಿ, ಟ್ರಾನ್ಸ್‌ಫಾರ್ಮರ್ ಗುಂಯ್ ಎನ್ನುತ್ತದೆ, ಬಿಸಿಯೂ ಆಗುತ್ತದೆ. ಸೈನ್ ವೇವ್‌ನದ್ದಾದರೆ ತೊಂದರೆಯಿಲ್ಲ.

ಸೆಕೆಯೂ ವ್ಯಾಟ್ ತಿನ್ನುತ್ತದೆ. ಏಪ್ರಿಲ್-ಮೇಯಲ್ಲಿ ಫ್ಯಾನ್ ಗಾಳಿಯೇ ಬಿಸಿಯಾಗಿರುವಾಗ ಗಾಜಿನ ಬಾಗಿಲಿನ ಶೋಕೇಸ್‌ನೊಳಗೆ ರಿಸೀವರ್ ಇಟ್ಟರೆ ಕ್ಲೈಮ್ಯಾಕ್ಸ್ ಹೊತ್ತಿಗೆ ಅದು ತನ್ನನ್ನು ಕಾಪಾಡಿಕೊಳ್ಳಲು ತಾನೇ ಆಫ್ ಆಗುತ್ತದೆ. ಮೇಲೆ ಕನಿಷ್ಠ ಒಂದು ಗೇಣು ಜಾಗ ಬಿಡಿ, ಸೆಟ್‌ಟಾಪ್ ಬಾಕ್ಸನ್ನು ಅದರ ನೆತ್ತಿಯ ಮೇಲೆ ಇಡಬೇಡಿ. 6 ಓಮ್ ಸ್ಪೀಕರ್ 8 ಓಮ್‌ನದ್ದಕ್ಕಿಂತ ಹೆಚ್ಚು ಕರೆಂಟ್ ಎಳೆಯುವುದರಿಂದ ನಿಮಗೆ ಇದು ಇನ್ನೂ ಮುಖ್ಯ. 4 ಓಮ್‌ನ ಸ್ಪೀಕರ್‌ಗಳನ್ನಂತೂ ಈ ದರದ ರಿಸೀವರಿಗೆ ಜೋಡಿಸುವುದು ಬೇಡ.

ಇಷ್ಟೆಲ್ಲ ನೋಡಿದ ಮೇಲೆ ನಿಮ್ಮ ಪ್ರಶ್ನೆಗೆ ನನ್ನ ಸಲಹೆ: ಕೈಯಲ್ಲಿ ದುಡ್ಡಿದ್ದರೆ ಎರಡನೆಯದನ್ನು ಕೊಳ್ಳಿ, ಆದರೆ 95 ವ್ಯಾಟ್ ನೋಡಿ ಅಲ್ಲ. ಏಳು ಚಾನೆಲ್ ಇರುವುದರಿಂದ ಮುಂದೆ ಮಾಡಿಗೆ ಎರಡು ಅಟ್ಮಾಸ್ (ಮೇಲಿನಿಂದಲೂ ಸದ್ದು ಬರುವ ವ್ಯವಸ್ಥೆ) ಸ್ಪೀಕರ್ ಹಾಕಬಹುದು. ಮೈಕ್ ಇಟ್ಟು ಕೋಣೆಗೆ ಹೊಂದಿಸುವ ವ್ಯವಸ್ಥೆ ಯಾವುದರಲ್ಲಿ ಮೇಲ್ಮಟ್ಟದ್ದು ಎಂದು ವಿಚಾರಿಸಿ, ಟೈಲ್ಸ್ ನೆಲದ ತೆರೆದ ಹಾಲ್‌ನಲ್ಲಿ ಅದರ ಲಾಭ ವ್ಯಾಟಿಗಿಂತ ಎಷ್ಟೋ ಹೆಚ್ಚು. ಹಿಂಬದಿಯಲ್ಲಿ ಪ್ರಿ-ಔಟ್ ಇದೆಯೇ ನೋಡಿ. ಇದ್ದರೆ ಮುಂದೊಂದು ದಿನ ಶಕ್ತಿ ಸಾಲದೆನಿಸಿದಾಗ ಮುಂಭಾಗದ ಸ್ಪೀಕರ್‌ಗಳಿಗೆ ಬೇರೆ ಆಂಪ್ಲಿಫೈಯರ್ ಜೋಡಿಸಬಹುದು, ರಿಸೀವರ್ ಬದಲಿಸಬೇಕಾಗಿಲ್ಲ. ಬಜೆಟ್ ಬಿಗಿಯಾಗಿದ್ದರೆ ವಿ385 ತೆಗೆದುಕೊಂಡು ಉಳಿದ ದುಡ್ಡನ್ನು ಒಳ್ಳೆಯ ಪವರ್ಡ್ ಸಬ್‌ವೂಫರ್‌ಗೆ ಹಾಕಿ. ನಿಮ್ಮ ಹಾಲ್ ಊಟದ ಜಾಗಕ್ಕೂ ಮಹಡಿಗೂ ತೆರೆದುಕೊಂಡಿದೆ, ಕೆಳಸ್ವರ ತುಂಬಬೇಕಾದ ಜಾಗ 14-20 ಅಡಿಗಿಂತ ಬಹಳ ದೊಡ್ಡದು. ಕ್ರಾಸ್‌ಓವರ್ 80 ಹರ್ಟ್ಸ್‌ಗೆ ಇಟ್ಟರೆ ಅದರ ಕೆಳಗಿನ ಭಾರದ ಕೆಲಸವೆಲ್ಲ ಸಬ್‌ವೂಫರಿನ ಸ್ವಂತ ಆಂಪ್ಲಿಫೈಯರಿಗೆ ಹೋಗಿ ರಿಸೀವರ್ ಹಗುರಾಗುತ್ತದೆ. ದುಡ್ಡಿದ್ದು ಎರಡನೆಯದನ್ನು ಕೊಂಡರೂ ಸಬ್‌ವೂಫರ್ ಬಿಡಬೇಡಿ.

ತಮ್ಮ ತರುವ ವಿಷಯ. ದುಬೈಯ ಕರೆಂಟ್ ನಮ್ಮದರಂತೆಯೇ 230 ವೋಲ್ಟ್, 50 ಹರ್ಟ್ಸ್, ಹಾಗಾಗಿ ಯಂತ್ರಕ್ಕೆ ತೊಂದರೆಯಿಲ್ಲ. ಚೌಕ ಪಿನ್‌ನ ಪ್ಲಗ್ ಬದಲಿಸಿದರೆ ಆಯಿತು. ಸೌದಿಯಲ್ಲಿ 60 ಹರ್ಟ್ಸ್, ಅಲ್ಲಿಂದ ತರುವವರು ಹಿಂಬದಿಯ ಪಟ್ಟಿಯಲ್ಲಿ 50/60 ಎಂದಿದೆಯೇ ನೋಡಲೇಬೇಕು. ಅಮೆರಿಕದ 120 ವೋಲ್ಟ್‌ನದ್ದು ತಂದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದು ಚಿಕ್ಕದಾದರೆ ಪೆಟ್ಟಿಗೆಯ ಮೇಲೆ ಎಷ್ಟೇ ವ್ಯಾಟ್ ಬರೆದಿದ್ದರೂ ಸಿಗುವುದು ಆ ಟ್ರಾನ್ಸ್‌ಫಾರ್ಮರ್ ಕೊಟ್ಟಷ್ಟೇ. ದುಬೈಯಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ನಡೆಯುತ್ತದೆಯೇ ಎಂದು ತಮ್ಮನಿಗೆ ಬಿಲ್ ಮಾಡಿಸುವ ಮೊದಲೇ ಕೇಳಲು ಹೇಳಿ. ಸಿಡಿಲಿಗೆ ಎಚ್‌ಡಿಎಂಐ ಬೋರ್ಡ್ ಸುಟ್ಟ ರಿಸೀವರ್‌ಗಳು ನಮ್ಮ ಊರುಗಳಲ್ಲಿ ರಿಪೇರಿಗೆ ಬರುತ್ತಲೇ ಇರುತ್ತವೆ, ಬೋರ್ಡ್ ತರಿಸುವುದು ಸುಲಭವಲ್ಲ. ವಾರಂಟಿ ಇದ್ದರೂ ಸಿಡಿಲಿನ ಹಾನಿ ಅದರಲ್ಲಿ ಸೇರುವುದು ಕಡಿಮೆ. ಗುಡುಗು ಕೇಳಿದ ಕೂಡಲೇ ರಿಸೀವರಿನ ಪ್ಲಗ್ ಜೊತೆಗೆ ಡಿಶ್ಶಿನ ಕೇಬಲ್, ಇಂಟರ್ನೆಟ್ ವೈರ್ ಕೂಡ ಕಳಚಿ. ಸ್ವಿಚ್ ಆಫ್ ಮಾಡಿದರೆ ಸಾಲದು.